ಹೆಜ್ಜೆ ಕಲಿತರೆ ಸಾಲದು, ಕುಣಿತ ಕಟ್ಟಲೂ ಕಲಿಯಲಿ

ವಾರ್ಷಿಕೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ಕುಣಿಯುವುದು ಯಾರೋ ಕಟ್ಟಿಕೊಟ್ಟ ಹೆಜ್ಜೆಗಳನ್ನು. ಕವಿತೆ ಓದಿ, ಶಿಲ್ಪ ನೋಡಿ, ನಡಿಗೆ ಗಮನಿಸಿ ತಮ್ಮದೇ ಕುಣಿತ ಕಟ್ಟುವುದನ್ನು ಅವರಿಗೆ ಕಲಿಸಲಾಗದೇ? ಮಲ್ಲೇಶ್ವರದಿಂದ ಮಾಸ್ಕೋಗೆ ಹೋಗಿ ಬಂದ ಮಾಯಾ ರಾವ್, ಪುತ್ತೂರಿನ ಬಾಲವನದ ಕಾರಂತರು, ಸಾಲಿಗ್ರಾಮದ ಮಕ್ಕಳ ಮೇಳ... ದಾರಿ ಹಾಕಿಕೊಟ್ಟವರು ನಮ್ಮಲ್ಲೇ ಇದ್ದಾರೆ. ಏಪ್ರಿಲ್ 29ರ ವಿಶ್ವ ನೃತ್ಯ ದಿನದ ನೆಪದಲ್ಲಿ ಒಂದು ನೋಟ.

1942ರ ಬೆಂಗಳೂರು. ಜಗತ್ತಿನಲ್ಲಿ ಯುದ್ಧ, ದೇಶದಲ್ಲಿ ಚಳವಳಿ. ದಂಡು ಪ್ರದೇಶದ ಬಿ.ಆರ್.ವಿ. ಟಾಕೀಸಿನಲ್ಲಿ ಅಂದು ಸಿನಿಮಾ ಇಲ್ಲ. ಬೆಳ್ಳಿತೆರೆಯ ಜಾಗದಲ್ಲಿ ಉದಯಶಂಕರ್ ಅವರ ನೃತ್ಯ ತಂಡ ನಿಂತಿದೆ.

ಅದು ಯಾವ ಒಂದು ಪದ್ಧತಿಗೂ ಕಟ್ಟುಬಿದ್ದ ಕುಣಿತವಲ್ಲ. ಕಥಕಳಿಯ ಕಣ್ಣು, ಮಣಿಪುರಿಯ ಮೈಬಳುಕು, ಗುಡಿಯ ಗೋಡೆಯ ಮೇಲಿನ ಶಿಲ್ಪದ ಭಂಗಿ ಎಲ್ಲವೂ ಅದರಲ್ಲಿದ್ದವು. ಪ್ರೇಕ್ಷಕರ ನಡುವೆ ಕುಳಿತಿದ್ದ ವಾಸ್ತುಶಿಲ್ಪಿ ಹಟ್ಟಂಗಡಿ ಸಂಜೀವ ರಾವ್ ಮನಸೋತರು. ತಮ್ಮ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಲೇಬೇಕು ಎಂದು ನಿಶ್ಚಯಿಸಿದರು.

ಸಂಪ್ರದಾಯಸ್ಥ ಕೊಂಕಣಿ ಸಾರಸ್ವತ ಮನೆತನ. ಹೆಣ್ಣುಮಕ್ಕಳು ವೇದಿಕೆ ಹತ್ತಿ ಕುಣಿಯುವುದನ್ನು ನೆಂಟರಿಷ್ಟರು ಒಪ್ಪದ ಕಾಲ. ಆದರೂ ಜೈಪುರ ಘರಾನೆಯ ಕಥಕ್ ಗುರು ಸೋಹನಲಾಲರ ಬಳಿ ಪಾಠ ಶುರುವಾಯಿತು. ಹಾಗೆ ಗೆಜ್ಜೆ ಕಟ್ಟಿದ ಹುಡುಗಿಯರಲ್ಲಿ ಒಬ್ಬಳು ಮಾಯಾ. 1928ರ ಮೇ 2ರಂದು ಮಲ್ಲೇಶ್ವರದಲ್ಲಿ ಹುಟ್ಟಿದ ಈ ಹುಡುಗಿ ಮುಂದೆ ಕನ್ನಡನಾಡಿಗೆ ಒಂದು ಹೊಸ ವಿದ್ಯೆಯನ್ನೇ ತಂದುಕೊಟ್ಟಳು. ಅದು ಕುಣಿತವನ್ನು ಕಟ್ಟುವ ವಿದ್ಯೆ, ಕೊರಿಯೋಗ್ರಫಿ.

ಸಾಹಿತ್ಯದ ಮೇಷ್ಟ್ರು, ಕಥಕ್‌ನ ಶಿಷ್ಯೆ

ಮಾಯಾ ರಾವ್ ಇಂಗ್ಲಿಷ್ ಸಾಹಿತ್ಯ ಓದಿ ಮಹಾರಾಣಿ ಕಾಲೇಜಿನಲ್ಲಿ ಪಾಠ ಹೇಳಿದವರು. ತಂದೆ ಬೇಗ ತೀರಿಕೊಂಡಿದ್ದರಿಂದ ಸಂಸಾರದ ಹೊಣೆಯೂ ಹೆಗಲೇರಿತ್ತು. ಆದರೂ ನೃತ್ಯ ಬಿಡಲಿಲ್ಲ. ಸುಂದರ ಪ್ರಸಾದರ ಬಳಿ ಕಲಿತರು. ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು.

1960ರಲ್ಲಿ ಸೋವಿಯತ್ ಒಕ್ಕೂಟದ ವಿದ್ಯಾರ್ಥಿವೇತನ ದೊರೆಯಿತು. ಮಾಸ್ಕೋದಲ್ಲಿ ಅವರಿಗೆ ಗುರುವಾದವರು ರೊಸ್ತಿಸ್ಲಾವ್ ಜಖಾರೊವ್. ಈ ಜಖಾರೊವ್ 1934ರಲ್ಲಿ ಲೆನಿನ್‌ಗ್ರಾಡಿನಲ್ಲಿ ಪುಷ್ಕಿನ್‌ನ ಕಥನಕವನವನ್ನು ‘ಬಖ್ಚಿಸರಾಯ್ ಕಾರಂಜಿ’ ಎಂಬ ಬ್ಯಾಲೆಯಾಗಿಸಿ ಹೆಸರು ಮಾಡಿದ್ದರು. ಸೆರೆಸಿಕ್ಕ ರಾಜಕುಮಾರಿ ಮರಿಯಾ, ಅವಳನ್ನು ಕಂಡು ಉರಿದುಬೀಳುವ ಜರೇಮಾ, ಇಬ್ಬರ ನಡುವೆ ಒಡೆದುಹೋಗುವ ಖಾನ್. ಜಖಾರೊವ್ ಅವರ ಹಾದಿಯಲ್ಲಿ ಹೆಜ್ಜೆಗಿಂತ ಮೊದಲು ಓದು. ನರ್ತಕರು ಕವಿತೆ ಓದಬೇಕು, ಪಾತ್ರ ಹೀಗೇಕೆ ಮಾಡಿತು ಎಂದು ಚರ್ಚಿಸಬೇಕು, ಆಮೇಲೆ ಕಾಲೆತ್ತಬೇಕು. ಸಾಹಿತ್ಯದ ಪಾಠ ಹೇಳಿ ಬಂದಿದ್ದ ಮಾಯಾ ಅವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುತ್ತಿರಲಿಲ್ಲ.

1964ರಲ್ಲಿ ಮರಳಿದ ಮೇಲೆ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಹುಟ್ಟಿತು. ಕಮಲಾದೇವಿ ಮಂಗಳೂರಿನ ಮಗಳು. 1987ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂತು. ನೃತ್ಯ ಸಂಯೋಜನೆಯನ್ನು ಪದವಿ ತರಗತಿಯ ವಿಷಯವಾಗಿ ಕಲಿಯುವ ಅವಕಾಶ ಕನ್ನಡನಾಡಿನಲ್ಲಿ ತೆರೆದುಕೊಂಡಿತು. ರಂಗಸಜ್ಜಿಕೆ, ಬೆಳಕು, ವಸ್ತ್ರವಿನ್ಯಾಸ, ಸಂಗೀತ ಎಲ್ಲವೂ ಪಾಠವಾದವು. ಒಳ್ಳೆಯ ನರ್ತಕಿಯಾದರೆ ಸಾಕು, ಸಂಯೋಜನೆ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಈ ಶಾಲೆ ಮುರಿಯಿತು. ಅದು ಬೇರೆಯದೇ ವಿದ್ಯೆ, ಕಲಿಸಬಹುದಾದ ವಿದ್ಯೆ ಎಂದು ತೋರಿಸಿತು.

2014ರ ಸೆಪ್ಟೆಂಬರ್ 1ರಂದು ಮಾಯಾ ರಾವ್ ತೀರಿಕೊಂಡರು. ಅವರ ಮಗಳು ಮಧು ನಟರಾಜ್ 1995ರಲ್ಲಿ ಕಟ್ಟಿದ ‘ಸ್ಟೆಮ್’ ಸಮಕಾಲೀನ ನೃತ್ಯ ತಂಡದ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಅವಕಾಶ, ಕಾಲ, ಶಕ್ತಿ, ಚಲನೆ ಅಡಗಿವೆ. ಕುಣಿತ ಕಟ್ಟುವವರ ಕೈಯಲ್ಲಿರುವ ಮೂಲ ಸಾಮಗ್ರಿಯೂ ಇವೇ ನಾಲ್ಕು.

---

ಏಪ್ರಿಲ್ 29 ಏಕೆ?

ಫ್ರಾನ್ಸಿನ ಬ್ಯಾಲೆ ಗುರು ಜಾನ್ ಜಾರ್ಜ್ ನೊವೇರ್ ಹುಟ್ಟಿದ್ದು 1727ರ ಏಪ್ರಿಲ್ 29ರಂದು. ಅಂತರರಾಷ್ಟ್ರೀಯ ರಂಗಭೂಮಿ ಸಂಸ್ಥೆ 1982ರಿಂದ ಈ ದಿನವನ್ನು ವಿಶ್ವ ನೃತ್ಯ ದಿನವಾಗಿ ಆಚರಿಸುತ್ತಿದೆ. ನೊವೇರ್ 1760ರಲ್ಲಿ ನೃತ್ಯದ ಬಗ್ಗೆ ಪತ್ರರೂಪದ ಗ್ರಂಥ ಪ್ರಕಟಿಸಿದ. ನೃತ್ಯ ಸಂಯೋಜಕನಿಗೆ ಕಾವ್ಯ, ಚಿತ್ರಕಲೆ, ಇತಿಹಾಸ, ಸಂಗೀತ, ದೇಹರಚನೆ ಗೊತ್ತಿರಬೇಕು ಎಂದು ಅದರಲ್ಲಿ ಒತ್ತಿ ಹೇಳಿದ. 2027ಕ್ಕೆ ನೊವೇರ್ ಹುಟ್ಟಿ 300 ವರ್ಷ. 2028ಕ್ಕೆ ಮಾಯಾ ರಾವ್ ಹುಟ್ಟಿ 100 ವರ್ಷ.

---

ಕನ್ನಡಿ ಹಿಡಿದವಳು ಮುಂದೇನು ಮಾಡುತ್ತಾಳೆ?

ನೃತ್ಯ ಸಂಯೋಜನೆ ಎಂದರೆ ದೊಡ್ಡ ಮಾತು, ಮಕ್ಕಳಿಗೆ ಅದೆಲ್ಲ ಏಕೆ ಎನ್ನುವವರಿದ್ದಾರೆ. ಬೇಲೂರಿನ ಚೆನ್ನಕೇಶವ ದೇಗುಲದ ಮುಂದೆ ಮಕ್ಕಳನ್ನು ಅರ್ಧ ಗಂಟೆ ನಿಲ್ಲಿಸಿದರೆ ಈ ಅನುಮಾನ ಕರಗುತ್ತದೆ.

1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಸೂರಿನಡಿ ಮದನಿಕೆಯರು. ಅವರಲ್ಲಿ ಕೆಲವರನ್ನು ಕಡೆದ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಕೊರೆದಿದ್ದಾರೆ. ದರ್ಪಣ ಸುಂದರಿ ಎಲ್ಲರಿಗೂ ಗೊತ್ತು. ಕೈಯಲ್ಲಿ ಕನ್ನಡಿ, ಬಳುಕಿದ ಸೊಂಟ, ಓರೆಯಾದ ಕತ್ತು.

ಮೊದಲು ಮಕ್ಕಳು ಅವಳ ಹಾಗೆಯೇ ನಿಲ್ಲಲಿ. ಮೈಭಾರ ಯಾವ ಕಾಲಿನ ಮೇಲಿದೆ? ಸೊಂಟ ಒಂದು ಕಡೆ ವಾಲಿದಾಗ ಭುಜ ಯಾವ ಕಡೆ ಹೋಗುತ್ತದೆ? ಪುಸ್ತಕದಲ್ಲಿ ತ್ರಿಭಂಗಿ ಎಂದು ಓದಿದ್ದು ಈಗ ಬೆನ್ನಿನ ನರಕ್ಕೆ ತಿಳಿಯುತ್ತದೆ.

ಆಮೇಲೆ ಕೇಳಬೇಕಾದ ಪ್ರಶ್ನೆಗಳು ಎರಡೇ. ಕನ್ನಡಿ ಹಿಡಿಯುವ ಮೊದಲ ಗಳಿಗೆಯಲ್ಲಿ ಇವಳು ಏನು ಮಾಡುತ್ತಿದ್ದಳು? ಮರುಗಳಿಗೆ ಏನು ಮಾಡುತ್ತಾಳೆ?

ಒಬ್ಬ ಹುಡುಗಿ ಹೂ ಮುಡಿಯುತ್ತಿದ್ದಳು ಎನ್ನಬಹುದು. ಇನ್ನೊಬ್ಬ ಹುಡುಗ, ಯಾರೋ ಕರೆದರು, ತಿರುಗಿದಳು ಎನ್ನಬಹುದು. ಮತ್ತೊಬ್ಬಳು ಕನ್ನಡಿಯಲ್ಲಿ ತನ್ನ ಹಿಂದೆ ನಿಂತವನನ್ನು ಕಂಡಳು ಎನ್ನಬಹುದು. ಹಿಂದಿನ ಚಲನೆ, ಕಲ್ಲಿನ ಭಂಗಿ, ಮುಂದಿನ ಚಲನೆ ಮೂರನ್ನೂ ಜೋಡಿಸಿ ಎಂಟು ಎಣಿಕೆಯಲ್ಲಿ ಮಾಡಿ ತೋರಿಸಲು ಹೇಳಿ. ಮಗು ತನ್ನ ಮೊದಲ ನೃತ್ಯವಾಕ್ಯವನ್ನು ಕಟ್ಟಿಯಾಯಿತು. ಹತ್ತು ಮಕ್ಕಳಿದ್ದರೆ ಹತ್ತು ವಾಕ್ಯ. ಅವನ್ನು ಒಂದರ ಹಿಂದೆ ಒಂದು ಇಟ್ಟು, ಎಲ್ಲಿ ಎಲ್ಲರೂ ಒಟ್ಟಿಗೆ ಚಲಿಸಬೇಕು, ಎಲ್ಲಿ ಒಬ್ಬರೇ, ಎಲ್ಲಿ ಸ್ತಬ್ಧರಾಗಬೇಕು ಎಂದು ಮಕ್ಕಳೇ ಮಾತಾಡಿ ತೀರ್ಮಾನಿಸಿದರೆ ಐದು ನಿಮಿಷದ ಕುಣಿತ ಸಿದ್ಧ. ಅದರ ಜೊತೆಗೆ ಹೊಯ್ಸಳರ ಶಿಲ್ಪದ ಪಾಠವೂ ತಲೆಯಲ್ಲಿ ಕೂತಿರುತ್ತದೆ.

---

ರಾಜನಿಗೆ ಋಷಿ ಹೇಳಿದ ಪಾಠ

ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ರಾಜ ಮಾರ್ಕಂಡೇಯ ಋಷಿಯ ಬಳಿ ಮೂರ್ತಿ ಕಡೆಯುವುದನ್ನು ಕಲಿಯಲು ಬರುತ್ತಾನೆ. ಮೂರ್ತಿಶಿಲ್ಪಕ್ಕೆ ಚಿತ್ರಕಲೆ ತಿಳಿದಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ಎಂದು ಋಷಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಕರೆದೊಯ್ಯುತ್ತಾನೆ. ಕಲೆಗಳನ್ನು ಬಿಡಿಬಿಡಿಯಾಗಿ ಕಲಿಯಲಾಗದು ಎಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

---

ಪದ್ಯ ಮೊದಲು, ಹೆಜ್ಜೆ ಆಮೇಲೆ

ಸಾಹಿತ್ಯವನ್ನು ಮೈಯಿಂದ ಓದುವ ವಿದ್ಯೆ ಕರಾವಳಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ವೇಷಧಾರಿ ಅದಕ್ಕೆ ಕುಣಿಯುತ್ತಾನೆ. ಪದ್ಯ ಮುಗಿದೊಡನೆ ಅದರ ಅರ್ಥವನ್ನು ತನ್ನ ಸ್ವಂತ ಮಾತಿನಲ್ಲಿ ಹೇಳುತ್ತಾನೆ. ಒಂದೇ ಪದ್ಯ ಕಿವಿಗೆ, ಕಾಲಿಗೆ, ನಾಲಿಗೆಗೆ ಮೂರು ಬಾರಿ ಸಿಗುತ್ತದೆ.

ಅಭಿಮನ್ಯುವಿನ ಪಾತ್ರ ಕಲಿಯುವ ಹುಡುಗನನ್ನು ನೋಡಿ. ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈಯಲ್ಲಿ ತಾಳ ಹಾಕುತ್ತಾನೆ. ಏಕ, ರೂಪಕ, ಝಂಪೆ, ತ್ರಿವುಡೆ. ಬಾಯಿತಾಳ ಕೈಗೆ ಕೂಡಿದ ಮೇಲೆ ಎದ್ದು ನಿಲ್ಲುತ್ತಾನೆ. ಒಡ್ಡೋಲಗದ ಹೆಜ್ಜೆ, ಪ್ರಯಾಣದ ಕುಣಿತ, ಯುದ್ಧದ ಕುಣಿತ ಒಂದೊಂದಾಗಿ ಬರುತ್ತವೆ. ಚಕ್ರವ್ಯೂಹದೊಳಗೆ ನುಗ್ಗಬಲ್ಲೆ, ಹೊರಬರುವ ದಾರಿ ತಿಳಿಯದು ಎಂಬುದು ಆ ಹುಡುಗನಿಗೆ ಮನಸ್ಸಿನಲ್ಲಿ ಇಳಿಯದಿದ್ದರೆ ಅವನ ಮಂಡಿ ಕುಣಿತ ಬರೀ ಕಸರತ್ತು. ಇಳಿದರೆ ಅದೇ ಸುತ್ತು ನೋಡುವವರ ಎದೆ ನಡುಗಿಸುತ್ತದೆ.

ಈ ಕಲಿಕೆಯನ್ನು ಮಕ್ಕಳಿಗೇ ಮೀಸಲಿಟ್ಟ ತಂಡ ಸಾಲಿಗ್ರಾಮ ಮಕ್ಕಳ ಮೇಳ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಇದನ್ನು ಕಟ್ಟಿದರು. ದೊಡ್ಡವರ ಆಟವನ್ನು ಮಕ್ಕಳು ಅಣಕಿಸಿದ ಹಾಗಲ್ಲ, ಮಕ್ಕಳೇ ಪೂರ್ತಿ ಆಟ ಆಡಬಲ್ಲರು ಎಂದು ತೋರಿಸಿದರು. ಈ ಮಕ್ಕಳು ಲಂಡನ್‌ವರೆಗೂ ಗೆಜ್ಜೆ ಸದ್ದು ಕೇಳಿಸಿ ಬಂದರು.

ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರೌಢಶಾಲೆಗಳಿಗೇ ಯಕ್ಷಗಾನ ಗುರುಗಳನ್ನು ಕಳಿಸಿತು. ವರ್ಷದ ಕೊನೆಗೆ ನಡೆಯುವ ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ಶಾಲೆಯ ಹುಡುಗ ಹುಡುಗಿಯರು ಬಣ್ಣ ಹಚ್ಚಿ ರಂಗಕ್ಕೆ ಬರುತ್ತಾರೆ. ನೋಟು ಪುಸ್ತಕದಲ್ಲಿ ಅರ್ಧ ಪುಟ ಬರೆಯಲು ಹಿಂಜರಿಯುವ ಮಗುವೂ ರಂಗದ ಮೇಲೆ ತಡವರಿಸದೆ ಕನ್ನಡ ಮಾತಾಡುತ್ತದೆ. ಕುಣಿತದಿಂದ ಭಾಷೆಗೆ ಆಗುವ ಲಾಭ ಇದಕ್ಕಿಂತ ಹೆಚ್ಚು ಬೇಕೇ?

ಬಾಲವನದಲ್ಲಿ ಕುಣಿದ ಕಾದಂಬರಿಕಾರ

ಪುತ್ತೂರಿನ ಗುಡ್ಡದ ಮೇಲಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಇಳಿದದ್ದು ಸ್ವಾತಂತ್ರ್ಯಕ್ಕಿಂತ ಮೊದಲೇ. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದ ಕೈಯೇ ಅವರಿಗಾಗಿ ಹಾಡು, ನಾಟಕ, ಕುಣಿತಗಳನ್ನೂ ರೂಪಿಸಿತು. ಕಾರಂತರು ದೂರದಲ್ಲಿ ನಿಂತು ಹೇಳಿಕೊಟ್ಟವರಲ್ಲ. ತಾವೇ ಕುಣಿದವರು.

ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ಅವರು ಮಾತನ್ನೇ ಬಿಟ್ಟು, ಪಿಟೀಲು ಮತ್ತು ಸ್ಯಾಕ್ಸೊಫೋನ್ ಸೇರಿಸಿ, ಇಡೀ ರಾತ್ರಿಯ ಆಟವನ್ನು ಕೆಲವೇ ತಾಸಿಗೆ ಇಳಿಸಿ ಯಕ್ಷಗಾನ ಬ್ಯಾಲೆ ಕಟ್ಟಿದರು. ಇದನ್ನು ಒಪ್ಪದ ಯಕ್ಷಗಾನ ಪ್ರಿಯರು ಆಗಲೂ ಇದ್ದರು, ಈಗಲೂ ಇದ್ದಾರೆ. ಅರ್ಥಗಾರಿಕೆಯೇ ಯಕ್ಷಗಾನದ ಜೀವ ಎನ್ನುವವರ ಮಾತಿನಲ್ಲಿ ತೂಕವಿದೆ. ಆದರೆ ಶಿಕ್ಷಕರಿಗೆ ಕಾರಂತರ ಪ್ರಯೋಗದಿಂದ ಸಿಗುವ ಪಾಠವೇ ಬೇರೆ. ಮಾತು ತೆಗೆದ ಮೇಲೆ ಕಥೆಯನ್ನು ಮೈ ಒಂದರಿಂದಲೇ ದಾಟಿಸಬೇಕಾಗುತ್ತದೆ. ಪ್ರತಿ ಹೆಜ್ಜೆಯೂ ಅರ್ಥ ಹೊರಬೇಕಾಗುತ್ತದೆ. ಸುಮ್ಮನೆ ಚೆಂದಕ್ಕೆ ಹಾಕಿದ ಹೆಜ್ಜೆ ಅಲ್ಲಿ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ.

ಇಲಿಯ ನಡಿಗೆ, ಜೋಗಿಯ ನಡಿಗೆ

ಶಾಲೆಯಲ್ಲಿ ಇದನ್ನು ಎಲ್ಲಿಂದ ಶುರು ಮಾಡುವುದು? ಕೈಗೆ ಸಿಗುವ ಕವಿತೆಯಿಂದಲೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ತೆಗೆದುಕೊಳ್ಳಿ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕವನ ಕನ್ನಡದ ಹಳ್ಳಿಗೆ ಬಂದು ನೆಲೆಸಿದ ಕಥೆ ಅದು. ಕುಣಿತ ಕಟ್ಟುವವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ: ಬಗೆಬಗೆಯ ಇಲಿಗಳು, ಗಾಬರಿಬಿದ್ದ ಊರು, ಒಬ್ಬ ಅಪರಿಚಿತ, ಅವನ ನಾದದ ಹಿಂದೆ ಹೊರಡುವ ಗುಂಪು.

ಮೊದಲ ದಿನ ಮೇಷ್ಟ್ರು ಪದ್ಯವನ್ನು ಗಟ್ಟಿಯಾಗಿ ಓದಲಿ, ಎರಡು ಸಲ. ಮಕ್ಕಳು ಕ್ರಿಯಾಪದಗಳನ್ನು ಮಾತ್ರ ಹೆಕ್ಕಿ ಬರೆದುಕೊಳ್ಳಲಿ. ಓಡು, ನುಗ್ಗು, ಕಚ್ಚು, ಹಾರು, ಹಿಂಬಾಲಿಸು. ಚಲನೆ ಇರುವುದು ಅಲ್ಲಿಯೇ.

ಎರಡನೆಯ ದಿನ ಕಾಗದ, ಬಣ್ಣ. ಪ್ರತಿಯೊಬ್ಬರೂ ಒಂದು ಇಲಿ ಬರೆಯಲಿ. ದಪ್ಪ ಇಲಿ, ಮುದಿ ಇಲಿ, ಹೆದರುಪುಕ್ಕಲ ಇಲಿ. ಬರೆದ ಚಿತ್ರ ಕೈಯಲ್ಲಿ ಹಿಡಿದು ಅದರ ಹಾಗೆ ತರಗತಿಯಲ್ಲಿ ನಡೆಯಲಿ.

ಮೂರನೆಯ ದಿನದ ಪಾಠಕ್ಕೆ ರುಡಾಲ್ಫ್ ಲಾಬಾನ್‌ನ ನೆರವು ಪಡೆಯಬಹುದು. ಯುರೋಪಿನ ಈ ನೃತ್ಯಚಿಂತಕ 1948ರಲ್ಲಿ ಶಾಲಾ ನೃತ್ಯಶಿಕ್ಷಣದ ಬಗ್ಗೆ ಬರೆದ ಪುಸ್ತಕ ಇಂಗ್ಲೆಂಡಿನ ಶಾಲೆಗಳಲ್ಲಿ ಬೇರು ಬಿಟ್ಟಿತು. ಆತ ಚಲನೆಯನ್ನು ಭಾರ, ಕಾಲ, ಅವಕಾಶ, ಹರಿವು ಎಂಬ ನಾಲ್ಕು ಗುಣಗಳಲ್ಲಿ ಬಿಡಿಸಿಟ್ಟ. ಅದೇ ಇಲಿಯ ನಡಿಗೆಯನ್ನು ಈಗ ಹಗುರವಾಗಿ, ಈಗ ಭಾರವಾಗಿ ಮಾಡಿ. ಈಗ ಥಟ್ಟನೆ, ಈಗ ನಿಧಾನ. ನೇರ ಗೆರೆಯಲ್ಲಿ, ಆಮೇಲೆ ಅಡ್ಡಾದಿಡ್ಡಿ. ತಡೆತಡೆದು, ಆಮೇಲೆ ಒಂದೇ ಹರಿವಿನಲ್ಲಿ. ಒಂದು ನಡಿಗೆಯಿಂದ ಎಂಟು ನಡಿಗೆ ಹುಟ್ಟಿದವು.

ನಾಲ್ಕನೆಯ ದಿನ ಜೋಗಿ ಬರುತ್ತಾನೆ. ಮಕ್ಕಳು ಒಂದು ಪ್ರಶ್ನೆಗೆ ಉತ್ತರ ಹುಡುಕಲಿ: ಇಲಿಗಳು ಅವನ ಹಿಂದೆ ಹೋಗುವ ರೀತಿಗೂ ಊರಿನ ಮಕ್ಕಳು ಅವನ ಹಿಂದೆ ಹೋಗುವ ರೀತಿಗೂ ಏನು ವ್ಯತ್ಯಾಸ? ಈ ಪ್ರಶ್ನೆಗೆ ಮೈಯಿಂದ ಉತ್ತರ ಹೇಳಿದ ತರಗತಿ ಆ ಕವಿತೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇದಕ್ಕೆ ಧ್ವನಿವರ್ಧಕ ಬೇಡ, ಬಾಡಿಗೆ ವೇಷ ಬೇಡ. ಬೆಂಚು ಪಕ್ಕಕ್ಕೆ ಸರಿಸಿದ ಒಂದು ಕೋಣೆ, ಇಲ್ಲವೇ ಮರದಡಿಯ ಅಂಗಳ ಸಾಕು. ಗಾಲಿಕುರ್ಚಿಯಲ್ಲಿ ಕೂತ ಮಗುವೂ, ನಾಚಿಕೆಯ ಮಗುವೂ, ತಾಳ ತಪ್ಪುವ ಮಗುವೂ ಇದರಲ್ಲಿ ಸಲ್ಲುತ್ತಾರೆ. ಎಲ್ಲರೂ ಒಂದೇ ಹೆಜ್ಜೆ ಹಾಕಬೇಕಾದ ಕುಣಿತದಲ್ಲಿ ಇವರನ್ನು ಹಿಂದಿನ ಸಾಲಿಗೆ ತಳ್ಳುತ್ತೇವೆ. ತಮ್ಮದೇ ಕುಣಿತ ಕಟ್ಟುವ ತರಗತಿಯಲ್ಲಿ ಹಿಂದಿನ ಸಾಲೇ ಇರುವುದಿಲ್ಲ.

---

ಗೊಂಬೆಯಾದ ರಾಮ, ಮುಖವಾಡದ ದೇವರು

ಉದಯಶಂಕರ್ ಅಲ್ಮೋರಾದಲ್ಲಿ ನಡೆಸಿದ ಕೇಂದ್ರದಲ್ಲಿ ನಡಿಗೆ, ಗಮನಿಸುವಿಕೆ, ಆಶುಚಲನೆ ಪಾಠದ ಭಾಗವಾಗಿದ್ದವು. ಬೆಂಗಳೂರಿನಲ್ಲಿ ಹುಟ್ಟಿದ ಚಿತ್ರ ನಿರ್ದೇಶಕ ಗುರುದತ್ ಅಲ್ಲಿ ಕಲಿತವರು. ಅದೇ ಬಳಗದ ಶಾಂತಿ ಬರ್ಧನ್ 1952ರಲ್ಲಿ ಮುಂಬೈಯಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಕಟ್ಟಿದರು. ಅವರ ‘ರಾಮಾಯಣ’ದಲ್ಲಿ ನರ್ತಕರು ಚೌಕ ಮುಖವಾಡ ತೊಟ್ಟು ಸೂತ್ರದ ಗೊಂಬೆಗಳಂತೆ ಚಲಿಸುತ್ತಾರೆ. ಪಂಚತಂತ್ರದ ಪ್ರಾಣಿಗಳಿಗೂ ಅವರು ಕುಣಿತದ ಮೈ ಕೊಟ್ಟರು. ದುರ್ಗಸಿಂಹ 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದ ಪಂಚತಂತ್ರ ನಮ್ಮ ಶಾಲೆಗಳಿಗೂ ಅಷ್ಟೇ ಹತ್ತಿರದ್ದು.

ಮುಖವಾಡದ ಕುಣಿತ ಜನಪದದಲ್ಲೂ ಇದೆ. ಮಹಾರಾಷ್ಟ್ರದ ಜವ್ಹಾರ್, ಮೋಖಾಡಾ ಕಡೆಯ ಘಟ್ಟದ ನಾಡಿಗೆ ಹೋದರೆ ‘ಬೋಹಾಡಾ’ ಎಂಬ ಮುಖವಾಡ ಕುಣಿತ ಕಾಣಸಿಗುತ್ತದೆ. ಕೋಕಣಾ, ವಾರಲಿ ಮುಂತಾದ ಆದಿವಾಸಿಗಳ ಹಬ್ಬವದು. ಸಂಬಳ ವಾದ್ಯದ ಬಡಿತಕ್ಕೆ ಗಣಪತಿ, ನರಸಿಂಹ, ರಾವಣ, ದೇವಿ ಒಬ್ಬೊಬ್ಬರಾಗಿ ಬರುತ್ತಾರೆ. ಮುಖ ಮುಚ್ಚಿರುವುದರಿಂದ ಪಾತ್ರದ ಗುರುತೆಲ್ಲ ನಡಿಗೆಯಲ್ಲೇ.

---

ಕಾಗದದ ಮೇಲಿದೆ, ಅಂಗಳಕ್ಕೆ ಬರಬೇಕು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳೊಂದಿಗೆ ಬೆಸೆದು ಕಲಿಸಬೇಕು ಎನ್ನುತ್ತದೆ. ಕರ್ನಾಟಕಕ್ಕೆ ಇದು ಅಪರಿಚಿತ ಮಾತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ, ಹಾಡು ಕುಣಿತಗಳೊಂದಿಗೆ ಅಕ್ಷರ ಕಲಿಸಿತು. ಪ್ರಾಥಮಿಕ ಶಾಲೆಯ ಅಭಿನಯ ಗೀತೆ ಕನ್ನಡದ ಮಗುವಿನ ಮೊದಲ ನೃತ್ಯಪಾಠವೇ ಆಗಿದೆ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಪ್ರತಿ ಬೇಸಿಗೆ ಮಕ್ಕಳನ್ನು ಹಾಡು, ಆಟ, ನಾಟಕಗಳ ನಡುವೆ ಬಿಡುತ್ತದೆ.

ಆದರೆ ಮಗು ನಾಲ್ಕನೆಯ ತರಗತಿಗೆ ಬಂದೊಡನೆ ಮೈ ಬೆಂಚಿಗೆ ಅಂಟುತ್ತದೆ. ಮತ್ತೆ ಅದು ಅಲುಗಾಡುವುದು ವಾರ್ಷಿಕೋತ್ಸವಕ್ಕೆ ಮೂರು ವಾರ ಇರುವಾಗ. ಹೊರಗಿನಿಂದ ಒಬ್ಬರು ಡ್ಯಾನ್ಸ್ ಮಾಸ್ಟರ್ ಬರುತ್ತಾರೆ, ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕುತ್ತಾರೆ, ನಾಯಕ ನಟ ಹಾಕಿದ ಹೆಜ್ಜೆಯನ್ನು ಮೂವತ್ತು ಮಕ್ಕಳು ಹಾಕುತ್ತಾರೆ. ಆ ಮಾಸ್ಟರರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಸಿನಿಮಾ ಹಾಡಿಗೆ ಕುಣಿಯುವ ಮಕ್ಕಳ ಸಂತೋಷವೂ ನಿಜವಾದದ್ದೇ. ಆದರೆ ಹಾಡಿನ ಅರ್ಥವೇನು, ಈ ಹೆಜ್ಜೆ ಏಕೆ ಎಂದು ಆ ಮೂರು ವಾರಗಳಲ್ಲಿ ಮಗುವನ್ನು ಯಾರೂ ಕೇಳುವುದಿಲ್ಲ. ನಾವು ಕಳೆದುಕೊಳ್ಳುತ್ತಿರುವುದು ಆ ಪ್ರಶ್ನೆಯನ್ನು.

ಅನುಕರಣೆ ತಪ್ಪಲ್ಲ. ಗುರುವಿನ ಹೆಜ್ಜೆಯನ್ನು ಹಾಗೆಯೇ ಹಾಕದೆ ಯಾವ ನೃತ್ಯವೂ ಬರುವುದಿಲ್ಲ. ಮಾಯಾ ರಾವ್ ವರ್ಷಗಟ್ಟಲೆ ಕಥಕ್ ಗುರುಗಳ ಮುಂದೆ ಅದನ್ನೇ ಮಾಡಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ಶಾಲೆಗಳು ಅಲ್ಲಿಗೇ ನಿಂತಿವೆ.

ಮುಖ್ಯೋಪಾಧ್ಯಾಯರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಪೋಷಕರಲ್ಲಿ ಒಂದು ಕೋರಿಕೆ. ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ವಾರಕ್ಕೊಂದು ಪೀರಿಯಡ್ ಕನ್ನಡ ಮೇಷ್ಟ್ರಿಗೂ ಚಿತ್ರಕಲಾ ಶಿಕ್ಷಕರಿಗೂ ಒಟ್ಟಿಗೆ ಕೊಡಿ. ಊರಿನಲ್ಲಿ ಯಕ್ಷಗಾನ, ಡೊಳ್ಳು, ಕೋಲಾಟ, ವೀರಗಾಸೆ ಬಲ್ಲವರಿದ್ದರೆ ಕರೆಸಿ, ಗೌರವಧನ ಕೊಟ್ಟು ಕರೆಸಿ. ವಾರ್ಷಿಕೋತ್ಸವದ ಪಟ್ಟಿಯಲ್ಲಿ ಎಷ್ಟೇ ಸಿನಿಮಾ ಹಾಡುಗಳಿರಲಿ, ಒಂದು ಕುಣಿತ ಮಾತ್ರ ಪಠ್ಯದ ಕವಿತೆಯಿಂದ ಮಕ್ಕಳೇ ಕಟ್ಟಿದ್ದಾಗಿರಲಿ. ನಿರೂಪಕರು ಅದನ್ನು ಘೋಷಿಸುವಾಗ ‘ನೃತ್ಯ ಸಂಯೋಜನೆ’ ಎಂಬಲ್ಲಿ ಆ ಮಕ್ಕಳ ಹೆಸರನ್ನೇ ಓದಲಿ.